ಕೈ ಹೆಚ್ಚಾದರೆ ಕೆಲಸ ಬೇಗ ಮುಗಿದೀತೇ?

ಸೋದರಿಯರೇ, ಮಗನೋ ಮಗಳೋ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರೆ, "ಅಮ್ಮಾ, ಕೆಲಸ ಮುಗಿದಿಲ್ಲ, ಹಬ್ಬಕ್ಕೆ ಬರೋಕಾಗಲ್ಲ" ಎಂಬ ಮಾತು ಕೇಳಿಯೇ ಇರುತ್ತೀರಿ. "ಇನ್ನೂ ನಾಲ್ಕು ಜನರನ್ನ ಹಾಕಿಕೊಳ್ಳಬಾರದೇ?" ಎನ್ನುತ್ತೇವೆ ನಾವು. ಅಲ್ಲೇ ಇದೆ ನೋಡಿ ತೊಡಕು!

1960ರ ದಶಕದಲ್ಲಿ ಅಮೆರಿಕದ ಐಬಿಎಂ ಕಂಪನಿಯಲ್ಲಿ ದೊಡ್ಡದೊಂದು ಸಾಫ್ಟ್‌ವೇರ್ ಕೆಲಸ ನಡೆಸಿದವರು ಫ್ರೆಡ್ ಬ್ರೂಕ್ಸ್. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು 1975ರ ತಮ್ಮ ಪುಸ್ತಕದಲ್ಲಿ ಹೇಳಿದರು. ಹೊಸಬರಿಗೆ ಕಲಿಸಲು ಹಳಬರು ತಮ್ಮ ಕೆಲಸ ಬಿಡಬೇಕು. ಮಾತಾಡಿಕೊಳ್ಳಬೇಕಾದ ಜೋಡಿಗಳೂ ಹೆಚ್ಚುತ್ತವೆ: 5 ಜನರಿದ್ದರೆ 10 ಜೋಡಿ, 10 ಜನರಿದ್ದರೆ 45!

ಹೋಳಿಗೆ ಮಾಡುವ ನಮಗೆ ಇದೇನು ಹೊಸದೇ? ಎಲೆ ಹಾಕುವ ಹೊತ್ತಿಗೆ ಸಹಾಯಕ್ಕೆ ಬಂದವರಿಗೆ ಲಟ್ಟಣಿಗೆ ಎಲ್ಲಿ, ತುಪ್ಪ ಎಲ್ಲಿ ಎಂದು ತೋರಿಸುವುದರಲ್ಲೇ ಕಾವಲಿಯ ಮೇಲಿನದು ಸೀದುಹೋಗುತ್ತದೆ. ಕಣಕ ಯಾರು, ಹೂರಣ ಯಾರು, ಬೇಯಿಸುವವರು ಯಾರು ಎಂಬುದು ಮೊದಲೇ ಗೊತ್ತಾಗಿರಬೇಕು.

ಅದಕ್ಕೇ ಈಗ ಅನೇಕ ತಂಡಗಳವರು ದಿನಾ 15 ನಿಮಿಷ ಸೇರಿ, ನಿನ್ನೆ ಏನಾಯಿತು, ಇವತ್ತೇನು ಮಾಡಬೇಕು, ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳಿಕೊಳ್ಳುತ್ತಾರೆ. ಸಿಕ್ಕಿಕೊಂಡದ್ದನ್ನು ಮುಚ್ಚಿಡದೆ ಅಂದೇ ಹೇಳಿದರೆ ಅರ್ಧ ಕೆಲಸ ಹಗುರ.

ಮುಂದಿನ ಸಲ ಫೋನ್ ಬಂದಾಗ, "ಕಷ್ಟ ಏನಂತ ಜೊತೆಯವರಿಗೆ ಹೇಳಿದ್ಯಾ ಮಗೂ?" ಅಂತ ಕೇಳಿ ನೋಡಿ.