ಮನೆ–ಹಿತ್ತಲು: ಚಳಿಗೆ ಸಾಯುವ ಕೋಳಿಮರಿಗಳು

ಹಿರೀಸಾವೆಯಿಂದ ಒಬ್ಬ ಸಹೋದರಿ ಪತ್ರ ಬರೆದಿದ್ದಾರೆ. ಮೊಟ್ಟೆ ಮಾರಿದ ಹಣದಲ್ಲಿ ಮಕ್ಕಳ ಪುಸ್ತಕದ ಖರ್ಚಾದರೂ ನೀಗಲಿ ಎಂದು 25 ಗಿರಿರಾಜ ಮರಿಗಳನ್ನು ತಂದರಂತೆ. ಒಂದು ದಿನದ ಮರಿಗಳು. ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಮೇಲೊಂದು ಬಲ್ಬ್ ಇಳಿಬಿಟ್ಟು, ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದರು. ಹಗಲಿಡೀ ಚಿಲಿಪಿಲಿ ಎನ್ನುತ್ತಾ ಓಡಾಡಿಕೊಂಡಿದ್ದ ಮರಿಗಳಲ್ಲಿ ಮೊದಲ ರಾತ್ರಿ ಐದು, ಎರಡನೇ ರಾತ್ರಿ ಆರು, ಮೂರನೇ ರಾತ್ರಿ ಮೂರು ಸತ್ತವು. ಯಾವ ಔಷಧಿ ಕೊಡಬೇಕು ಎಂಬುದು ಅವರ ಪ್ರಶ್ನೆ. ನೆರೆಮನೆಯವರು ದೃಷ್ಟಿ ತಾಗಿದೆ ಎಂದರಂತೆ, ಮನೆಯವರು ಮಾರಿದವನನ್ನು ಬೈದರಂತೆ.

ಪತ್ರದಲ್ಲಿ ಎರಡು ಮಾತುಗಳು ನನ್ನ ಗಮನ ಸೆಳೆದವು. ಸತ್ತ ಮರಿಗಳೆಲ್ಲ ಒಂದೇ ಮೂಲೆಯಲ್ಲಿ, ಒಂದರ ಮೇಲೊಂದು ಬಿದ್ದು ಚಪ್ಪಟೆಯಾಗಿದ್ದವು ಎಂಬುದು ಒಂದು. ತೂಗುಹಾಕಿದ್ದು 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಎಂಬುದು ಇನ್ನೊಂದು. ಸಹೋದರಿ, ಇದು ಔಷಧಿಯಿಂದ ವಾಸಿಯಾಗುವ ಕಾಯಿಲೆಯಲ್ಲ. ಮರಿಗಳು ಚಳಿಗೆ ಒಂದರ ಕೆಳಗೊಂದು ನುಗ್ಗಿವೆ, ಕೆಳಗಿದ್ದವು ಉಸಿರು ಕಟ್ಟಿ ಸತ್ತಿವೆ.

ಮೊದಲೆಲ್ಲ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದುದು ಒಳಗೆ ತಂತಿ ಕೆಂಪಾಗುವ ಹಳದಿ ಬಲ್ಬು. ಅದು ನುಂಗುವ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಿಸಿಯಾಗಿಯೇ ಹೊರಬರುತ್ತದೆ. ಬೆಳಕಿಗೆ ಅದು ದಂಡ, ಮರಿಗಳಿಗೆ ವರ. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಹಳ್ಳಿಹಳ್ಳಿಗೂ ಎಲ್‌ಇಡಿ ತಲುಪಿತು. ಕರೆಂಟ್ ಬಿಲ್ಲಿಗೆ ಅದು ಒಳ್ಳೆಯದೇ. ಆದರೆ 9 ವ್ಯಾಟ್‌ನ ಎಲ್‌ಇಡಿಯ ಕೆಳಗೆ ಮರಿ ಕೂತರೆ ಬೀದಿದೀಪದ ಕೆಳಗೆ ನಾವು ಚಳಿ ಕಾಯಿಸಿಕೊಳ್ಳಲು ಕೂತ ಹಾಗೆ. ಹಳೆಯ ತಂತಿ ಬಲ್ಬುಗಳು ಈಗಲೂ ಹುಡುಕಿದರೆ ಸಿಗುತ್ತವೆ. ಮೊದಲು ಅದನ್ನು ತನ್ನಿ, ಆಮೇಲೆ ಮರಿ ತನ್ನಿ.

ಮರಿಗೆ ಎಷ್ಟು ಬಿಸಿ ಬೇಕು? ತಾಯಿಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ, ನಮ್ಮದು 37. ಮೊಟ್ಟೆಯಿಂದ ಹೊರಬಂದ ಮರಿಗೆ ಮೈಮೇಲೆ ಇರುವುದು ನವಿರು ಮಾತ್ರ, ಗರಿಯಲ್ಲ. ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕೆ ಬರಲು ಎರಡು ಮೂರು ವಾರ ಬೇಕು. ಅಲ್ಲಿಯತನಕ ತಾಯಿಯ ರೆಕ್ಕೆಯೇ ಅದರ ಒಲೆ. ಆದ್ದರಿಂದ ಮೊದಲ ವಾರ ಮರಿ ಕೂರುವ ಜಾಗದಲ್ಲಿ 33ರಿಂದ 35 ಡಿಗ್ರಿ ಇರಬೇಕು. ಹಾಸನ, ಚನ್ನರಾಯಪಟ್ಟಣದ ಕಡೆ ಡಿಸೆಂಬರ್–ಜನವರಿಯ ರಾತ್ರಿಗಳು 15 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಈ ಇಪ್ಪತ್ತು ಡಿಗ್ರಿಯ ಅಂತರವನ್ನು ನಾವು ತುಂಬಿಕೊಡಬೇಕು.

ಇನ್ನು ಪತ್ರದ ಕೊನೆಯ ಸಾಲು. ಅದನ್ನು ಓದಿದಾಗ ನನಗೆ ಮರಿಗಳ ಚಿಂತೆ ಹೋಗಿ ಮನೆಯವರ ಚಿಂತೆ ಹತ್ತಿತು. ಮುಂದಿನ ಸಲ ಮರಿಗಳನ್ನು ತಾವು ಮಲಗುವ ಕೋಣೆಯಲ್ಲೇ ಇಟ್ಟುಕೊಂಡು, ಬಾಂಡ್ಲಿಯಲ್ಲಿ ತೆಂಗಿನ ಚಿಪ್ಪಿನ ಇದ್ದಿಲು ಹಾಕಿ, ಬಾಗಿಲು ಕಿಟಕಿ ಮುಚ್ಚಿ ಬಿಸಿ ಮಾಡುವುದೆಂದು ಅತ್ತೆಯವರು ಸಲಹೆ ಕೊಟ್ಟಿದ್ದಾರಂತೆ. ದಯವಿಟ್ಟು ಬೇಡ. ತೆಂಗಿನ ಸೀಮೆಯಲ್ಲಿ ಚಿಪ್ಪಿಗೆ ಬರವಿಲ್ಲ, ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಹೊಗೆಯೂ ಇಲ್ಲ, ಎಲ್ಲವೂ ನಿಜ. ಆದರೆ ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗುವುದಿಲ್ಲ. ಎಚ್ಚರವಿದ್ದವರಿಗೂ ಮೊದಲು ತಲೆನೋವು, ವಾಕರಿಕೆ, ಮಂಪರು ಬಂದು, ಏಳಬೇಕೆಂದುಕೊಳ್ಳುವಷ್ಟರಲ್ಲಿ ಕಾಲು ಸೋತಿರುತ್ತದೆ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದುತ್ತಲೇ ಇರುತ್ತೇವೆ. ನಮ್ಮ ಮನೆಗಳಲ್ಲಿ ಬಾಣಂತಿಯ ಕೋಣೆಗೂ ಕೆಂಡ ಇಡುವ ರೂಢಿಯಿದೆ. ಅಲ್ಲಿಗೂ ಇದೇ ಮಾತು, ಇನ್ನೂ ಗಟ್ಟಿಯಾಗಿ. ಅತ್ತೆಯವರಿಗೆ ಇದನ್ನು ಗೌರವದಿಂದಲೇ ಹೇಳಿ, ಆದರೆ ಹೇಳಿಯೇ ಹೇಳಿ.

ಹಾಗಾದರೆ ಏನು ಮಾಡುವುದು? ಮರಿಗಳ ಜಾಗ ಮಲಗುವ ಕೋಣೆ ಬಿಟ್ಟು ಬೇರೆಡೆ ಇರಲಿ. ಪಡಸಾಲೆಯ ಮೂಲೆ, ಹಿತ್ತಲ ಕೊಟ್ಟಿಗೆ, ಯಾವುದಾದರೂ ಸರಿ. ಬೆಕ್ಕು, ಹೆಗ್ಗಣ ನುಗ್ಗದಂತಿರಬೇಕು. ರಟ್ಟನ್ನೋ ತಗಡನ್ನೋ ಒಂದೂವರೆ ಅಡಿ ಎತ್ತರಕ್ಕೆ ಗುಂಡಗೆ ಸುತ್ತಿ ನಿಲ್ಲಿಸಿ. ಚೌಕದ ಪೆಟ್ಟಿಗೆಗಿಂತ ಗುಂಡಗಿನ ಬೇಲಿ ಮೇಲು, ಏಕೆಂದರೆ ಮರಿಗಳು ಗುಂಪಾಗಿ ಒತ್ತಿಕೊಂಡು ಸಾಯಲು ಮೂಲೆಯೇ ಇರುವುದಿಲ್ಲ. 25 ಮರಿಗೆ ನಾಲ್ಕು ಅಡಿ ಅಗಲದ ವೃತ್ತ ಸಾಕು. ನೆಲಕ್ಕೆ ಎರಡು ಮೂರು ಅಂಗುಲ ಒಣಗಿದ ಭತ್ತದ ಹೊಟ್ಟು ಹಾಸಿ. ಮರಿಗಳು ಹೊಟ್ಟನ್ನೇ ತಿನ್ನದಂತೆ ಮೊದಲ ಎರಡು ದಿನ ಮೇಲೆ ಕಾಗದ ಹಾಸುವ ಕ್ರಮವಿದೆ. ನುಣುಪು ಕಾಗದ ಬೇಡ, ಕಾಲು ಜಾರಿ ಮರಿಗಳು ಕುಂಟಾಗುತ್ತವೆ.

ಬಲ್ಬಿನ ಲೆಕ್ಕ ಸುಲಭ, ಮರಿಯೊಂದಕ್ಕೆ 2 ವ್ಯಾಟ್. 25 ಮರಿಗೆ 50 ವ್ಯಾಟ್ ಆಯಿತು. ಆದರೆ ನಮ್ಮ ಚಳಿಗೆ 40 ವ್ಯಾಟ್‌ನ ಎರಡು ಬಲ್ಬು ಹಾಕುವುದು ಕ್ಷೇಮ. ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತದೆ. ಎರಡೂ ರಾತ್ರಿ 12 ಗಂಟೆ ಉರಿದರೆ ಒಂದು ಯೂನಿಟ್‌ಗೂ ತುಸು ಕಡಿಮೆ. ನೆಲದಿಂದ ಒಂದರಿಂದ ಒಂದೂವರೆ ಅಡಿ ಎತ್ತರದಲ್ಲಿ ತೂಗುಹಾಕಿ. ವೈರಿಗೇ ಜೋತು ಬಿಡಬೇಡಿ, ಗಟ್ಟಿ ತಂತಿಯಿಂದ ಕಟ್ಟಿ. ಬಿಸಿ ಬಲ್ಬು ಒಣ ಹೊಟ್ಟಿನ ಮೇಲೆ ಕಳಚಿ ಬಿದ್ದರೆ ಬೆಂಕಿ. ಮರಿ ಮನೆಗೆ ಬರುವ ಮೂರು ನಾಲ್ಕು ಗಂಟೆ ಮೊದಲೇ ಬಲ್ಬ್ ಹಾಕಿ, ಹಾಸು ಬೆಚ್ಚಗಾಗಿರಲಿ.

ಥರ್ಮಾಮೀಟರ್ ಇಲ್ಲವೆಂದು ಕೊರಗಬೇಡಿ, ಮರಿಗಳೇ ಥರ್ಮಾಮೀಟರ್. ಬಲ್ಬಿನಡಿ ಒತ್ತೊತ್ತಾಗಿ ನಿಂತು ಕರ್ಕಶವಾಗಿ ಕೂಗುತ್ತಿದ್ದರೆ ಚಳಿ, ಬಲ್ಬು ತಗ್ಗಿಸಿ. ಬೇಲಿಯಂಚಿಗೆ ಸರಿದು ಬಾಯಿ ತೆರೆದು ತೇಕುತ್ತಿದ್ದರೆ ಸೆಕೆ, ಏರಿಸಿ. ಎಲ್ಲವೂ ಒಂದೇ ಬದಿಗೆ ಸರಿದಿದ್ದರೆ ಎದುರು ಬದಿಯಿಂದ ಗಾಳಿ ಹೊಡೆಯುತ್ತಿದೆ ಎಂದರ್ಥ. ಅಲ್ಲಲ್ಲಿ ಚದುರಿ, ಕೆಲವು ತಿನ್ನುತ್ತಾ ಕೆಲವು ಕಾಲು ಚಾಚಿ ಮಲಗಿದ್ದರೆ ನೀವೂ ನಿಶ್ಚಿಂತೆಯಿಂದ ಮಲಗಬಹುದು. ರಾತ್ರಿಯಲ್ಲಿ ಅತಿ ಹೆಚ್ಚು ಚಳಿ ಇರುವುದು ಬೆಳಗಾಗುವ ತುಸು ಮೊದಲು. ತಹಜ್ಜುದ್‌ಗೋ ಫಜ್ರ್‌ಗೋ ಎದ್ದವರು ವುಝೂಗೆ ಹೋಗುವಾಗ ಅತ್ತ ಒಂದು ನೋಟ ಹಾಯಿಸಿದರೆ ಸಾಕು.

ಕರೆಂಟ್ ಹೋದರೆ? ಇದು ನಮ್ಮೆಲ್ಲರ ಪ್ರಶ್ನೆ. ಬಾಯಿ ಕಿರಿದಾದ ಮಡಕೆಗೆ ಕುದಿಯುವ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಗೋಣಿಬಟ್ಟೆ ಸುತ್ತಿ ನಡುವೆ ಇಡಿ. ಮರಿಗಳು ಅದಕ್ಕೆ ಒರಗಿಕೊಳ್ಳುತ್ತವೆ. ಒಂದೇ ದೊಡ್ಡ ಮಡಕೆಗಿಂತ ಎರಡು ಚಿಕ್ಕವು ಒಳ್ಳೆಯದು, ಒಂದು ಆರುತ್ತಿದ್ದಂತೆ ಇನ್ನೊಂದಕ್ಕೆ ನೀರು ಬದಲಿಸಬಹುದು. ಬೇಲಿಯ ಮೇಲೆ ಹಳೆಯ ಕಂಬಳಿ ಹೊದಿಸಿ, ಒಂದು ಕಡೆ ನಾಲ್ಕು ಬೆರಳಷ್ಟು ಸಂದು ಬಿಡಿ. ಕಿಟಕಿಗೆ ಗೋಣಿಪರದೆ ಹಾಕುವಾಗಲೂ ಮೇಲ್ಭಾಗ ಹಾಗೇ ತೆರೆದಿರಲಿ. ಗಾಳಿಯಾಡದಿದ್ದರೆ ಹಿಕ್ಕೆಯ ಘಾಟು ನಿಂತು ಮರಿಗಳ ಕಣ್ಣು, ಶ್ವಾಸ ಕೆಡುತ್ತವೆ.

ಎಲ್ಲಕ್ಕಿಂತ ಒಳ್ಳೆಯ ಉಪಾಯ, ನನ್ನನ್ನು ಕೇಳಿದರೆ, ಕಾವಿಗೆ ಕೂತ ನಾಟಿಕೋಳಿ. ಗಿರಿರಾಜ, ಸ್ವರ್ಣಧಾರಾದಂಥ ಸುಧಾರಿತ ತಳಿಗಳು ಹೆಚ್ಚು ಮೊಟ್ಟೆ ಕೊಡುತ್ತವೆ, ಆದರೆ ಕಾವಿಗೆ ಕೂರುವ ಗುಣ ಅವುಗಳಲ್ಲಿ ಕಡಿಮೆ. ನಾಟಿಕೋಳಿ ಕಾವಿಗೆ ಕೂತು 21 ದಿನ ತುಂಬುವ ಹೊತ್ತಿಗೆ ಸರಿಯಾಗಿ ಮರಿ ತನ್ನಿ. ಕತ್ತಲಾದ ಮೇಲೆ ಸದ್ದಿಲ್ಲದೆ ಒಂದೊಂದಾಗಿ ಅದರ ರೆಕ್ಕೆಯಡಿ ಸೇರಿಸಿ. ಬೆಳಗಾಗುವಷ್ಟರಲ್ಲಿ ಅದು ತನ್ನದೇ ಎಂದುಕೊಂಡಿರುತ್ತದೆ. ಒಂದು ಕೋಳಿ ಹತ್ತು ಹನ್ನೆರಡು ಮರಿಗಳನ್ನು ಚೆನ್ನಾಗಿ ಹೊದೆಯಬಲ್ಲದು. ಪ್ರಯಾಣವೊಂದರಲ್ಲಿ ಸಂಗಾತಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡಾಗ, ರೆಕ್ಕೆ ಬಡಿಯುತ್ತಾ ಚಡಪಡಿಸುತ್ತಿದ್ದ ತಾಯಿಹಕ್ಕಿಯನ್ನು ಕಂಡು ಪ್ರವಾದಿ(ಸ)ರು ಮರಿಗಳನ್ನು ಹಿಂದಿರುಗಿಸಲು ಹೇಳಿದ ಘಟನೆ ಅಬೂದಾವೂದ್‌ನಲ್ಲಿದೆ. ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದ ಮರಿಗಳನ್ನು ಕಂಡು ಮಕ್ಕಳು ಹಟ ಹಿಡಿದಾಗ ಆ ಘಟನೆಯನ್ನು ಅವರಿಗೆ ಹೇಳಿ. ಬೆಚ್ಚಗಿಡುವ ವ್ಯವಸ್ಥೆ ಮನೆಯಲ್ಲಿಲ್ಲದಿದ್ದರೆ ಆಟಕ್ಕೆಂದು ಮರಿ ಕೊಡಿಸಬೇಡಿ. ಎರಡು ರಾತ್ರಿಯ ಆಟವದು.

ನೀರಿನ ತಟ್ಟೆ ಆಳವಿರಬಾರದು. ಒಳಗೆ ನಾಲ್ಕು ಬೆಣಚುಕಲ್ಲು ಹಾಕಿದರೆ ಮರಿಗಳು ಕೊಕ್ಕು ಮಾತ್ರ ಅದ್ದುತ್ತವೆ, ಮೈ ತೋಯುವುದಿಲ್ಲ. ಚಳಿಯಲ್ಲಿ ತೋಯ್ದ ಮರಿ ಉಳಿಯುವುದು ಕಷ್ಟ. ಬಂದ ದಿನ ಉಗುರುಬೆಚ್ಚಗಿನ ನೀರಿಗೆ ತುಸು ಬೆಲ್ಲ ಕರಗಿಸಿ ಕೊಡಿ, ಆಮೇಲೆ ಸಣ್ಣಗೆ ಒಡೆದ ಮುಸುಕಿನ ಜೋಳದ ನುಚ್ಚು, ಮರುದಿನದಿಂದ ಅಂಗಡಿಯ ಮರಿ ಆಹಾರ. ಬರೀ ನುಚ್ಚು, ಅನ್ನದಲ್ಲಿ ಮರಿ ಬೆಳೆಯುವುದಿಲ್ಲ. ಹಿಕ್ಕೆ ಹಿಂಬದಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಿ, ತಕ್ಷಣ ಒಣಗಿಸಿ.

ವಾರಕ್ಕೊಮ್ಮೆ ಬಲ್ಬನ್ನು ಸ್ವಲ್ಪ ಮೇಲೇರಿಸುತ್ತಾ ಎರಡು ಮೂರು ಡಿಗ್ರಿ ಬಿಸಿ ಕಡಿಮೆ ಮಾಡಿ. ಬೇಸಿಗೆಯಲ್ಲಿ ಮೂರು ವಾರಕ್ಕೆ ನಿಲ್ಲಿಸಬಹುದಾದ ಕಾವನ್ನು ಈ ಚಳಿಯಲ್ಲಿ ನಾಲ್ಕೈದು ವಾರ, ಮೈತುಂಬ ಗರಿ ಮೂಡುವವರೆಗೆ, ರಾತ್ರಿಯಾದರೂ ಕೊಡಬೇಕು. ಹಗಲು ಬಿಸಿಲೇರಿದ ಮೇಲೆ ಅಂಗಳಕ್ಕೆ ಬಿಡಿ, ಅಸರ್ ಆಗುತ್ತಲೇ ಒಳಗೆ ಸೇರಿಸಿ.

ಒಂದು ರೋಗದ ವಿಷಯ ಮಾತ್ರ ಮರೆಯುವಂತಿಲ್ಲ, ಕೊಕ್ಕರೆ ರೋಗ. ಬಂದರೆ ಕೇರಿಯ ಕೋಳಿಗಳೆಲ್ಲ ಖಾಲಿ. ಮರಿಗೆ 5ರಿಂದ 7 ದಿನವಾದಾಗ ಲಸೋಟಾ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಿಸಬೇಕು. ಲಸಿಕೆ ನೂರಾರು ಮರಿಗಾಗುವಷ್ಟು ಸೀಸೆಯಲ್ಲಿ ಬರುತ್ತದೆ, ಕಲಸಿದ ಮೇಲೆ ಬಹಳ ಹೊತ್ತು ಇಡಲಾಗುವುದಿಲ್ಲ. ಆದ್ದರಿಂದ ಬೀದಿಯ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಂದೇ ದಿನ ಮರಿ ತನ್ನಿ, ಲಸಿಕೆಯ ದಿನವನ್ನು ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಸೀಸೆಯನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲೇ ತರಬೇಕು.