ಚಿನ್ನ ದುಬಾರಿ, ಗಣಿಯ ಷೇರು ಅಗ್ಗ: ಏಕೆ?

ಚಿನ್ನದ ಬೆಲೆ ಏರಿದರೆ ಚಿನ್ನ ತೆಗೆಯುವ ಕಂಪನಿಯ ಷೇರೂ ಏರಬೇಕು. ಏರದಿದ್ದರೆ ಅದು ಅಗ್ಗಕ್ಕೆ ಸಿಗುತ್ತಿದೆ ಎಂದೇ ಅರ್ಥ. ಈ ವಾದವನ್ನು ನಾವು ಆಗಾಗ ಕೇಳುತ್ತೇವೆ. ಆದರೆ ಅಗ್ಗವಾಗಿ ಕಾಣುವುದು ಬೇರೆ, ಅಗ್ಗವಾಗಿರುವುದು ಬೇರೆ. ಈ ಭೇದವನ್ನು ವಿದ್ಯಾರ್ಥಿಗಳೂ ಪೋಷಕರೂ ಅರಿತಿರಬೇಕೆಂಬುದು ನಮ್ಮ ಅಭಿಪ್ರಾಯ.

ಒಂದು ಉದಾಹರಣೆಯನ್ನು ನೋಡೋಣ. ಕೆನಡಾ ದೇಶದ ಬ್ಯಾರಿಕ್ ಪ್ರಪಂಚದ ಅತಿ ದೊಡ್ಡ ಚಿನ್ನದ ಗಣಿ ಕಂಪನಿಗಳಲ್ಲೊಂದು. ೨೦೧೧ರಲ್ಲಿ ಚಿನ್ನದ ಬೆಲೆ ಔನ್ಸಿಗೆ, ಅಂದರೆ ಸುಮಾರು ೩೧ ಗ್ರಾಮಿಗೆ, ೧,೯೦೦ ಡಾಲರ್ ಮುಟ್ಟಿತು. ಆ ವರ್ಷ ಬ್ಯಾರಿಕ್ ಷೇರು ೫೦ ಡಾಲರಿಗೂ ಮೇಲೆ ಹೋಗಿತ್ತು. ೨೦೨೪ರ ಕೊನೆಗೆ ಚಿನ್ನ ೨,೬೦೦ ಡಾಲರ್ ದಾಟಿತ್ತು. ಷೇರು ಮಾತ್ರ ೧೬ ಡಾಲರಿಗೂ ಕೆಳಗಿತ್ತು. ಹೀಗೇಕಾಯಿತು?

ಮೊದಲನೆಯದು ಖರ್ಚಿನ ಲೆಕ್ಕ. ಒಂದು ಅಳತೆ ಚಿನ್ನದ ಬೆಲೆ ೧೦೦, ತೆಗೆಯುವ ಖರ್ಚು ೮೦ ಎಂದಿಟ್ಟುಕೊಳ್ಳಿ, ಲಾಭ ೨೦. ಬೆಲೆ ೧೧೦ ಆದರೆ ಲಾಭ ೩೦. ಆದರೆ ಡೀಸೆಲ್, ಯಂತ್ರ, ಕೂಲಿ ಎಲ್ಲವೂ ಏರಿ ಖರ್ಚು ೯೫ ಆಯಿತೆನ್ನಿ, ಲಾಭ ೧೫ಕ್ಕೆ ಇಳಿಯುತ್ತದೆ. ಬೆಲೆ ಏರಿಯೂ ಲಾಭ ಕುಗ್ಗಿತು!

ಎರಡನೆಯದು, ನೆಲದೊಳಗಿನ ಚಿನ್ನ ಕೈಯೊಳಗಿನ ಚಿನ್ನವಲ್ಲ. ಇದಕ್ಕೆ ಸಾಕ್ಷಿ ನಮ್ಮ ಹೊಸೂರು ಸೀಮೆಯ ನೆರೆಯಲ್ಲೇ ಇದೆ. ಮೂರು ಕಿಲೋಮೀಟರಿಗೂ ಆಳ ಇಳಿದಿದ್ದ ಕೋಲಾರದ ಚಿನ್ನದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಅಲ್ಲಿ ಚಿನ್ನ ಪೂರ್ತಿ ಮುಗಿದಿರಲಿಲ್ಲ. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನೇ ಮೀರಿತ್ತು. ಬ್ಯಾರಿಕ್ ಕಂಪನಿಗೂ ಇಂಥದೇ ಪೆಟ್ಟು ಬಿತ್ತು. ಚಿಲಿ ಮತ್ತು ಅರ್ಜೆಂಟೀನಾ ಗಡಿಯ ಆಂಡಿಸ್ ಪರ್ವತದಲ್ಲಿ ಪಾಸ್ಕುವಾ ಲಾಮಾ ಎಂಬ ಗಣಿಗೆ ಅದು ಅಪಾರ ಹಣ ಸುರಿಯಿತು. ನೀರು ಕೆಡುತ್ತದೆಂಬ ಕಾರಣಕ್ಕೆ ೨೦೧೩ರಲ್ಲಿ ಚಿಲಿಯಲ್ಲಿ ಕೆಲಸಕ್ಕೆ ತಡೆ ಬಿತ್ತು. ೨೦೨೦ರಲ್ಲಿ ಅಲ್ಲಿನ ಪರಿಸರ ನ್ಯಾಯಾಲಯ ಮುಚ್ಚುವಂತೆಯೇ ಆದೇಶಿಸಿತು. ನೆಲದ ಚಿನ್ನವನ್ನು ಎಣಿಸಿ ಷೇರಿಗೆ ಬೆಲೆ ಕಟ್ಟುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಮೂರನೆಯದು, ಗಣಿಯನ್ನು ಹೊತ್ತು ಬೇರೆಡೆಗೆ ಹೋಗುವಂತಿಲ್ಲ. ಆಫ್ರಿಕದ ಮಾಲಿ ದೇಶದ ಸರಕಾರದೊಡನೆ ವಿವಾದವಾಗಿ, ೨೦೨೫ರ ಜನವರಿಯಲ್ಲಿ ಬ್ಯಾರಿಕ್ ಅಲ್ಲಿನ ದೊಡ್ಡ ಗಣಿಯ ಕೆಲಸ ನಿಲ್ಲಿಸಬೇಕಾಯಿತು. ರಾಜಿಯಾದದ್ದು ಅದೇ ವರ್ಷದ ನವೆಂಬರಿನಲ್ಲಿ.

ನಾಲ್ಕನೆಯದು ಪಾಲುಗಳ ಸಂಖ್ಯೆ. ಬೆಳೆ ಬರುವ ಮುನ್ನವೇ ಧಾರಣೆ ಒಪ್ಪಿಕೊಂಡ ರೈತನಂತೆ ಬ್ಯಾರಿಕ್ ಹಿಂದೆ ಚಿನ್ನವನ್ನು ನಿಗದಿತ ಬೆಲೆಗೆ ಮಾರಲು ಒಪ್ಪಿಕೊಂಡಿತ್ತು. ಬೆಲೆ ಏರಿದಾಗ ಆ ಕರಾರಿನಿಂದ ಬಿಡಿಸಿಕೊಳ್ಳಲು ೨೦೦೯ರಲ್ಲಿ ಹೊಸ ಷೇರುಗಳನ್ನು ಮಾರಿತು. ಉಣ್ಣುವವರು ಹೆಚ್ಚಿದರೆ ಎಲೆಯ ಮೇಲಿನ ಅನ್ನ ಕಡಿಮೆಯಾಗದೆ ಇರುತ್ತದೆಯೇ?

ಹಾಗಾದರೆ ಅಗ್ಗದ ಷೇರೆಲ್ಲ ಕೆಟ್ಟದ್ದೇ? ಹಾಗೆನ್ನುವುದೂ ತಪ್ಪು. ೨೦೨೫ರಲ್ಲಿ ಚಿನ್ನ ೪,೦೦೦ ಡಾಲರ್ ದಾಟಿತು. ಇದೇ ಬ್ಯಾರಿಕ್ ಷೇರು ಒಂದೇ ವರ್ಷದಲ್ಲಿ ದುಪ್ಪಟ್ಟಿಗೂ ಮೀರಿ ಏರಿತು. ಪೇಟೆಯ ಭಯ ಕೆಲವೊಮ್ಮೆ ಕಾರಣಕ್ಕಿಂತ ದೊಡ್ಡದಾಗಿರುತ್ತದೆ. ಆದರೆ ಭಯ ಎಷ್ಟು, ಕಾರಣ ಎಷ್ಟು ಎಂದು ತೂಗಿ ನೋಡಿದವನಿಗೆ ಮಾತ್ರ ಅದು ಲಾಭ. ನೋಡದವನಿಗೆ ಅದು ಬರೀ ಜೂಜು.

ವಿದ್ಯಾರ್ಥಿ ಮಿತ್ರರೇ, ಶಾಲೆಯಲ್ಲಿ ಕಲಿತ ಶೇಕಡಾ ಲೆಕ್ಕ ಪರೀಕ್ಷೆಗಷ್ಟೇ ಅಲ್ಲ. ಮನೆಯಲ್ಲಿ ಯಾರಾದರೂ ಷೇರಿನ ಮಾತೆತ್ತಿದರೆ ನಾಲ್ಕು ಪ್ರಶ್ನೆ ಕೇಳಿ: ಖರ್ಚೆಷ್ಟು? ಸಾಲವೆಷ್ಟು? ಗಣಿ ಎಲ್ಲಿದೆ? ಪಾಲುದಾರರೆಷ್ಟು? ಪೋಷಕರಲ್ಲಿಯೂ ನಮ್ಮದೊಂದು ವಿನಂತಿ. ಮಕ್ಕಳ ಓದಿಗೆ, ಮನೆಯ ಮದುವೆ ಮುಂಜಿಗೆಂದು ಕೂಡಿಟ್ಟ ಹಣವನ್ನು ಯಾರದೋ ಮಾತು ನಂಬಿ ಹಾಕಬೇಡಿ. ಒಡವೆ ಕೊಳ್ಳುವಾಗ ಚಿನ್ನವನ್ನು ಒರೆಗೆ ಹಚ್ಚಿ ನೋಡುವ ನಾವು ಚಿನ್ನದ ಕಂಪನಿಯ ಕಾಗದವನ್ನು ಹಾಗೆಯೇ ನಂಬುವುದು ಸರಿಯಲ್ಲ.