ಗಡಿಯಾರಕ್ಕೆ ಸೆಕೆ ಗೊತ್ತಾದೀತೇ?

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ದುಡಿಸುವಂತಿಲ್ಲ. ಒಳ್ಳೆಯ ನಿಯಮವೇ, ಆದರೆ ಅದು ನೋಡುವುದು ಗಡಿಯಾರವನ್ನು, ಮೈಗೆ ತಾಗುವ ಸೆಕೆಯನ್ನಲ್ಲ. ಆ ಸೆಕೆಯನ್ನು ಉಷ್ಣಮಾಪಕವೂ ಪೂರ್ತಿ ಹೇಳದು: ಪ್ರಚೋದನೆ ಏರಿದ ಪ್ರಮಾಣದಲ್ಲೇ ಅನುಭವ ಏರದೆಂದು ಜರ್ಮನ್ ವಿಜ್ಞಾನಿ ಫೆಕ್ನರ್ 1860ರಲ್ಲೇ ಸೂತ್ರ ಬರೆದಿದ್ದ. 1979ರಲ್ಲಿ ಸಂಶೋಧಕ ಸ್ಟೆಡ್‌ಮನ್ ತೇವಾಂಶವನ್ನೂ ಸೇರಿಸಿ ಅನುಭವಕ್ಕೆ ಬರುವ ತಾಪವನ್ನು ಲೆಕ್ಕ ಹಾಕಿದ. ದುಬೈ, ಅಬುಧಾಬಿಯ ಕರಾವಳಿಯಲ್ಲಿ ಸೂರ್ಯ ಮುಳುಗಿದ ಮೇಲೂ ಬೆವರು ಆರದಿರುವುದಕ್ಕೆ ಈ ತೇವವೇ ಕಾರಣ.

ಆಯಾಸವಾದರೆ ಕಾರ್ಮಿಕನೇ ನಿಲ್ಲಿಸಲಿ ಎನ್ನಬಹುದು. ಕೂಲಿ ಕಳೆದೀತೆಂದು ಅಂಜುವವನು ಬಾಯಿ ಬಿಡುವುದು (ಬಿಟ್ಟರೆ) ತೀರಾ ತಡವಾಗಿ. ಗಡಿಯಾರವಾದರೆ ತಪಾಸಣೆ ಸುಲಭ ಎಂಬ ವಾದದಲ್ಲಿ ಹುರುಳಿದೆ. ಆದರೆ ಕತಾರ್ 2021ರಲ್ಲಿ ವೇಳೆಯ ನಿರ್ಬಂಧವನ್ನು ಉಳಿಸಿಕೊಂಡೇ, ತೇವ, ಬಿಸಿಲು, ಗಾಳಿಗಳನ್ನು ಒಟ್ಟಿಗೆ ಅಳೆಯುವ ಡಬ್ಲ್ಯುಬಿಜಿಟಿ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಬೇಕೆಂದಿತು. ನೆರೆಯ ದೇಶಕ್ಕೆ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೆನ್ನಲು ಕಾರಣ ಕಾಣದು.